ಬೇಸಿಗೆ ರಜೆಯ ಕೆಲಸದ ದಿನಚರಿ: ಮೂರು ಶಾಲೆ, ಮೂವತ್ತೆಂಟು ಕಂಪ್ಯೂಟರ್

ಏಪ್ರಿಲ್ 13, 2025, ಭಾನುವಾರ

ಮಕ್ಕಳೆಲ್ಲ ಅಜ್ಜಿ ಮನೆ ಸೇರಿಯಾಯಿತು. ಶಾಲೆ ಮತ್ತೆ ತೆರೆಯುವುದು ಮೇ 29ಕ್ಕೆ. ಬೆಂಗಳೂರಿನ ಮಾಗಡಿ ರಸ್ತೆ ಕಡೆಯ ಒಂದೇ ಕ್ಲಸ್ಟರಿಗೆ ಸೇರಿದ ಮೂರು ಸರ್ಕಾರಿ ಶಾಲೆಗಳ ಕಂಪ್ಯೂಟರ್ ಕೊಠಡಿಗಳನ್ನು ಅಷ್ಟರೊಳಗೆ ಸರಿಪಡಿಸಬೇಕೆಂದು ನಾವು ನಾಲ್ಕು ಜನ ಹೊರಟಿದ್ದೇವೆ. ಒಂದು ಪ್ರೌಢಶಾಲೆ, ಎರಡು ಹಿರಿಯ ಪ್ರಾಥಮಿಕ ಶಾಲೆ. ನನ್ನದು ವಾರವೆಲ್ಲ ನೆಟ್‌ವರ್ಕ್ ನೋಡಿಕೊಳ್ಳುವ ನೌಕರಿ. ಇದು ಶನಿವಾರ, ಭಾನುವಾರದ ಕೆಲಸ. ನಾನೂ ಇಂಥದೇ ಶಾಲೆಯಲ್ಲಿ ಓದಿದವನು. ಬೀಗ ಹಾಕಿದ ಕಂಪ್ಯೂಟರ್ ಕೊಠಡಿಯ ಕಿಟಕಿಯಲ್ಲಿ ಇಣುಕಿ ನೋಡಿದ್ದು ಇನ್ನೂ ನೆನಪಿದೆ.

ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಪತ್ರ, ಮೂರೂ ಶಾಲಾಭಿವೃದ್ಧಿ ಸಮಿತಿಗಳ (ಎಸ್‌ಡಿಎಂಸಿ) ಒಪ್ಪಿಗೆ ಮಾರ್ಚ್‌ನಲ್ಲೇ ಸಿಕ್ಕಿತ್ತು. ದುಡ್ಡು ನಮ್ಮದಿಷ್ಟು, ಪ್ರೌಢಶಾಲೆಯ ಹಳೆ ವಿದ್ಯಾರ್ಥಿಗಳು ಕೂಡಿಸಿದ್ದಿಷ್ಟು.

ಇವತ್ತು ಬರೀ ಎಣಿಕೆ. ಒಟ್ಟು 38 ಯಂತ್ರ. ಸರಿಯಾಗಿ ಆನ್ ಆಗಿದ್ದು 19. ಅರ್ಧಕ್ಕೆ ನಿಂತವು 11. ಉಸಿರೇ ಇಲ್ಲದವು 8. ಬಹುಪಾಲು ನಾಲ್ಕನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, ಹಳೆಯ ತಿರುಗುವ ಹಾರ್ಡ್‌ಡಿಸ್ಕ್. ಒಂದನ್ನು ಗಡಿಯಾರ ಹಿಡಿದು ನೋಡಿದೆ: ಬಟನ್ ಒತ್ತಿದ ಮೇಲೆ ಬ್ರೌಸರ್ ತೆರೆಯಲು ನಾಲ್ಕೂವರೆ ನಿಮಿಷ. ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಮಕ್ಕಳನ್ನು ಸಾಲಾಗಿ ಕರೆತಂದು ಕೂರಿಸಲೇ ಹತ್ತು ನಿಮಿಷ ಬೇಕು. ಪಾಠಕ್ಕೆ ಉಳಿಯುವುದೆಷ್ಟು?

ಏಪ್ರಿಲ್ 20, ಭಾನುವಾರ

ಎರಡನೇ ಶಾಲೆಯ ಮುಖ್ಯ ಶಿಕ್ಷಕಿ ಮೊದಲ ದಿನವೇ ಒಂದು ಮಾತು ಹೇಳಿದ್ದರು: "ಸರ್, ನಮ್ಮ ಮಕ್ಕಳು ಕಂಪ್ಯೂಟರ್ ಮುಟ್ಟೋಕೆ ಹೆದರ್ತಾರೆ. ಕಚ್ಚುತ್ತೆ ಅಂತಾರೆ."

ಮೀಟರ್ ಹಿಡಿದು ನೋಡಿದರೆ ಮಕ್ಕಳು ಹೇಳಿದ್ದು ಅಕ್ಷರಶಃ ನಿಜ. ಕ್ಯಾಬಿನೆಟ್ಟಿನ ಕಬ್ಬಿಣಕ್ಕೂ ಕಿಟಕಿಯಾಚೆಯ ಒದ್ದೆ ನೆಲಕ್ಕೂ ನಡುವೆ 108 ವೋಲ್ಟ್. ಕಂಪ್ಯೂಟರಿನ ಪವರ್ ಸಪ್ಲೈ ಒಳಗೆ ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಹೊರಕವಚಕ್ಕೆ ಒಂದೊಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಕರೆಂಟಿನಲ್ಲಿ ಬೆರೆತ ವಿದ್ಯುತ್ ಗದ್ದಲವನ್ನು ಅರ್ಥ್‌ಗೆ, ಅಂದರೆ ನೆಲಕ್ಕೆ, ಹರಿಸಿಬಿಡುವುದು ಅವುಗಳ ಕೆಲಸ. ಅರ್ಥ್ ತಂತಿಯೇ ಎಲ್ಲಿಗೂ ಸೇರಿರದಿದ್ದರೆ ಕವಚ 230ರ ಹೆಚ್ಚುಕಡಿಮೆ ಅರ್ಧಕ್ಕೆ ಬಂದು ನಿಲ್ಲುತ್ತದೆ. ಹರಿಯುವ ಕರೆಂಟ್ ತೀರ ಕಡಿಮೆಯಾದ್ದರಿಂದ ಬರೀ ಜುಮ್ ಅನ್ನುತ್ತದೆ. ಆದರೆ ಬರಿಗಾಲಲ್ಲಿ ನಿಂತ ಹತ್ತು ವರ್ಷದ ಮಗುವಿಗೆ ಆ ಜುಮ್ ಸಾಕು, ಮತ್ತೆ ಹತ್ತಿರ ಸುಳಿಯುವುದಿಲ್ಲ. ಯಂತ್ರದ ಒಳಗೇ ಏನಾದರೂ ಕೆಟ್ಟು ಪೂರ್ತಿ ಫೇಸ್ ಕವಚಕ್ಕೆ ತಗುಲಿದ್ದರೆ? ಯೋಚಿಸಿದರೆ ಈಗಲೂ ಎದೆ ಧಸಕ್ಕೆನ್ನುತ್ತದೆ.

ಪ್ಲಗ್ ಪಾಯಿಂಟುಗಳಲ್ಲಿ ಹಸಿರು ತಂತಿ ಇತ್ತು. ಅದನ್ನು ಹಿಡಿದು ಹೋದರೆ ಗೋಡೆಯಾಚೆ ಗಾಳಿಯಲ್ಲಿ ನೇತಾಡುತ್ತಿತ್ತು. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಅಣ್ಣನನ್ನು ಕರೆಸಿ ಗುಂಡಿ ತೋಡಿಸಿದೆವು. ಎಂಟಡಿ ಜಿಐ ಪೈಪು, ಸುತ್ತ ಇದ್ದಿಲು ಮತ್ತು ಕಲ್ಲುಪ್ಪು, ಮೇಲೆ ನೀರು ಹಾಕಲು ಬಾಯಿ ಬಿಟ್ಟ ಸಣ್ಣ ಕಟ್ಟೆ. ಸಂಜೆ ನಾಲ್ಕಕ್ಕೆ ಅಳೆದರೆ ನ್ಯೂಟ್ರಲ್‌ಗೂ ಅರ್ಥ್‌ಗೂ ಒಂದೂವರೆ ವೋಲ್ಟ್. ಕವಚ ಮುಟ್ಟಿದರೆ ಏನೂ ಇಲ್ಲ. ಮುಖ್ಯ ಶಿಕ್ಷಕಿಯವರೇ ಚಪ್ಪಲಿ ಬಿಚ್ಚಿ ನಿಂತು ಒಂದೊಂದನ್ನೂ ಮುಟ್ಟಿ ನೋಡಿದರು.

ಈ ಬೇಸಿಗೆಯಲ್ಲಿ ಬೇರೇನೂ ಆಗದಿದ್ದರೂ ಇದೊಂದು ಆಗಲೇಬೇಕಿತ್ತು. ಯಂತ್ರ ಕೊಡುವವರು ಬಹಳ ಜನ. ಅದು ನಿಲ್ಲುವ ಕೊಠಡಿಯ ಅರ್ಥಿಂಗ್ ನೋಡುವವರು ಕಡಿಮೆ.

ಏಪ್ರಿಲ್ 26, ಶನಿವಾರ

ಎಸ್.ಪಿ. ರಸ್ತೆ, ಕಂಪ್ಯೂಟರ್ ಬಿಡಿಭಾಗಗಳ ಪೇಟೆ. ಟೌನ್ ಹಾಲ್ ಹಿಂದಿನ ಆ ಗಲ್ಲಿಗಳಲ್ಲಿ ಬೆಳಿಗ್ಗೆ ಹನ್ನೊಂದರಿಂದ ಮೂರರವರೆಗೆ ಅಲೆದೆವು. 240 ಜಿಬಿಯ ಎಸ್‌ಎಸ್‌ಡಿಗಳು (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್), ಹಳೆಯ 4 ಜಿಬಿ ಡಿಡಿಆರ್3 ರ‍್ಯಾಮ್, ಒಂದು ಡಬ್ಬ ಸಿಆರ್2032 ಬಟನ್ ಸೆಲ್, ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಎರಡು ಗಿಗಾಬಿಟ್ ನೆಟ್‌ವರ್ಕ್ ಸ್ವಿಚ್, 305 ಮೀಟರಿನ ಎರಡು ಪೆಟ್ಟಿಗೆ ಕ್ಯಾಟ್6 ಕೇಬಲ್.

ಕೇಬಲಿನಲ್ಲಿ ಮೋಸ ಹೋದೆವು. ಪೆಟ್ಟಿಗೆಯ ಮೇಲೆ ಶುದ್ಧ ತಾಮ್ರ ಎಂದಿತ್ತು, ಅಂಗಡಿಯವರೂ ಹಾಗೇ ಹೇಳಿದರು. ಪೆಟ್ಟಿಗೆ ಎತ್ತಿದಾಗಲೇ ಹಗುರ ಎನಿಸಿ ಅನುಮಾನ ಬರಬೇಕಿತ್ತು. ಶಾಲೆಗೆ ಬಂದು ಸುಲಿದು, ಎಳೆಯನ್ನು ಬ್ಲೇಡಿನಿಂದ ಕೆರೆದಾಗ ತಾಮ್ರದ ಪೊರೆ ಹೋಗಿ ಒಳಗೆ ಬೆಳ್ಳಗೆ ಕಂಡಿತು. ಅಲ್ಯೂಮಿನಿಯಂ. ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ, ತಾಮ್ರದಷ್ಟು ಕರೆಂಟ್ ಹರಿಸುವುದಿಲ್ಲ, ತುದಿಗೆ ಪ್ಲಗ್ ಒತ್ತಿ ಕೂರಿಸಿದ (ಕ್ರಿಂಪ್ ಮಾಡಿದ) ಜಾಗ ವರ್ಷದೊಳಗೆ ಸಡಿಲವಾಗುತ್ತದೆ. ಸಂಜೆಯೇ ತಿರುಗಿ ಹೋಗಿ ಜಗಳವಾಡಿ ಒಂದು ಪೆಟ್ಟಿಗೆ ಬದಲಾಯಿಸಿಕೊಂಡೆವು. ಬಿಚ್ಚಿದ್ದನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ಈಗ ಬ್ಲೇಡು ಜೇಬಿನಲ್ಲೇ ಇರುತ್ತದೆ. ಅಂಗಡಿಯಲ್ಲೇ ಕೆರೆದು ನೋಡಿ ದುಡ್ಡು ಕೊಡುವುದು.

ಮೇ 1, ಗುರುವಾರ

ನಿನ್ನೆ ಬಸವ ಜಯಂತಿ, ಇವತ್ತು ಕಾರ್ಮಿಕರ ದಿನ. ಎರಡು ರಜೆ ಒಟ್ಟಿಗೆ ಸಿಕ್ಕಿದ್ದರಿಂದ ಪ್ರೌಢಶಾಲೆಯ ಕೊಠಡಿಯಲ್ಲೇ ಬೀಡುಬಿಟ್ಟೆವು.

ಆಪರೇಟಿಂಗ್ ಸಿಸ್ಟಂ ಬಗ್ಗೆ ನಮ್ಮೊಳಗೇ ವಾದ ನಡೆದಿತ್ತು. ವಿಂಡೋಸ್ 10ಕ್ಕೆ ಇದೇ ಅಕ್ಟೋಬರ್ 14ರ ನಂತರ ಸುರಕ್ಷತಾ ಅಪ್‌ಡೇಟ್ ನಿಲ್ಲುತ್ತದೆ. ವಿಂಡೋಸ್ 11 ಹಾಕೋಣವೆಂದರೆ ಅದು ಎಂಟನೇ ತಲೆಮಾರಿನ ಇಂಟೆಲ್ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಕೇಳುತ್ತದೆ, ನಮ್ಮ ಯಂತ್ರಗಳಲ್ಲಿ ಒಂದಕ್ಕೂ ಆ ಯೋಗ್ಯತೆ ಇಲ್ಲ. ಅಡ್ಡದಾರಿಗಳಿವೆ, ಆದರೆ ಶಾಲೆಯ ಯಂತ್ರವನ್ನು ಅಡ್ಡದಾರಿಯಲ್ಲಿ ನಿಲ್ಲಿಸಲು ನನಗೆ ಮನಸ್ಸಿಲ್ಲ. ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ 22.1, ಅದರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಎಂದು ತೀರ್ಮಾನವಾಯಿತು. 2029ರವರೆಗೆ ಅಪ್‌ಡೇಟ್ ಬರುತ್ತದೆ, 4 ಜಿಬಿಯಲ್ಲಿ ಆರಾಮಾಗಿ ಓಡುತ್ತದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ಎಷ್ಟೋ ವರ್ಷಗಳಿಂದ ಲಿನಕ್ಸ್ ಮೇಲೇ ನಡೆಯುತ್ತಿವೆ.

ಒಂದು ಯಂತ್ರವನ್ನು ಪೂರ್ತಿ ಸಿದ್ಧಪಡಿಸಿ, ಕ್ಲೋನ್‌ಜಿಲ್ಲಾ ಎಂಬ ತಂತ್ರಾಂಶದಲ್ಲಿ ಅದರ ಪ್ರತಿ ತೆಗೆದು ಉಳಿದವಕ್ಕೆ ಇಳಿಸುವುದು ಯೋಜನೆ. ಮಾದರಿ ಯಂತ್ರಕ್ಕೆ ನನ್ನ ಬಳಿ ಇದ್ದ 256 ಜಿಬಿ ಎಸ್‌ಎಸ್‌ಡಿ ಹಾಕಿದ್ದೆ. ತಂದದ್ದೆಲ್ಲ 240. ಇಳಿಸಲು ಹೋದರೆ ಗುರಿ ಡಿಸ್ಕ್ ಚಿಕ್ಕದು ಎಂದು ನಿಂತುಬಿಟ್ಟಿತು. ಎಲ್ಲಕ್ಕಿಂತ ಚಿಕ್ಕ ಡಿಸ್ಕಿನ ಮೇಲೇ ಮಾದರಿ ಕಟ್ಟಬೇಕು. ಮತ್ತೆ ಮೊದಲಿನಿಂದ, ರಾತ್ರಿ ಒಂಬತ್ತರವರೆಗೆ.

ಎಸ್‌ಎಸ್‌ಡಿ ಹಾಕಿದ ಮೊದಲ ಯಂತ್ರ ಬಟನ್ ಒತ್ತಿದ 31 ಸೆಕೆಂಡಿಗೆ ಬ್ರೌಸರ್ ತೆರೆಯಿತು. ಅದೇ ಪ್ರೊಸೆಸರ್, ಅದೇ ರ‍್ಯಾಮ್.

ಮೇ 3, ಶನಿವಾರ

ನಿನ್ನೆ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದದ್ದರಿಂದ ಪ್ರೌಢಶಾಲೆಯಲ್ಲಿ ಶಿಕ್ಷಕರೆಲ್ಲ ಇದ್ದರು. ವಿಜ್ಞಾನದ ಮೇಡಂ ನಮ್ಮ ಕೊಠಡಿಗೆ ಬಂದು ಬಾಗಿಲಲ್ಲೇ ನಿಂತು ಕೇಳಿದರು, "ಇದ್ರಲ್ಲಿ ನುಡಿ ಇದ್ಯಾ?"

ಅವರ ಪೆನ್‌ಡ್ರೈವಿನಲ್ಲಿ ಹನ್ನೆರಡು ವರ್ಷಗಳ ಪ್ರಶ್ನೆಪತ್ರಿಕೆಗಳಿವೆ. ಎಲ್ಲವೂ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ. ಆ ಕಾಲದ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸಿರುತ್ತಾರೆ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಮನೆ ಇದೆ. ಎಲ್ಲಿ ತೆರೆದರೂ ಕನ್ನಡವೇ, ಹುಡುಕಿದರೆ ಸಿಗುತ್ತದೆ.

ಮೇಡಂ ಅವರಿಗೆ ಇದನ್ನೆಲ್ಲ ಹೇಳುವ ಬದಲು ಕುರ್ಚಿ ಎಳೆದು ಕೂರಿಸಿದೆ. ಲಿನಕ್ಸ್‌ನಲ್ಲಿ ಕನ್ನಡ ಟೈಪಿಸಲು ಇರುವ ಐಬಸ್‌ನಲ್ಲಿ ಕೆಜಿಪಿ ವಿನ್ಯಾಸ ಮೊದಲೇ ಹಾಕಿಟ್ಟಿದ್ದೆವು. ನುಡಿಯಲ್ಲಿರುವುದೂ ಅದೇ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ. "ಏನಾದ್ರೂ ಬರೀರಿ ಮೇಡಂ" ಎಂದೆ. ಅವರು ಕಣ್ಣು ಪರದೆಯ ಮೇಲಿಟ್ಟು, ಕೈ ನೋಡದೆ, 'ರಾಷ್ಟ್ರ' ಎಂದು ಹೊಡೆದರು. ಆರ್, ದೊಡ್ಡ ಎ, ಎಕ್ಸ್, ಎಫ್, ಕ್ಯೂ, ಎಫ್, ಆರ್. ಒತ್ತಕ್ಷರಕ್ಕೆ ಎಫ್ ಹುಡುಕುವ ಬೆರಳು ತಾನಾಗಿ ಎರಡು ಸಲ ಅಲ್ಲಿಗೇ ಹೋಯಿತು. ಷ ಕೆಳಗೆ ಟ, ಅದರ ಬದಿಗೆ ರ ಒತ್ತು ಬಂದು ಕೂತಿತು. "ಅಯ್ಯೋ, ಅದೇನೇ!" ಎಂದರು. ಆಮೇಲೆ ನಿಲ್ಲಿಸಲಿಲ್ಲ. ಪೂರ್ತಿ ಒಂದು ಪುಟ ಹೊಡೆದು, ಗುಬ್ಬಿ, ನವಿಲು ಎಂಬ ಫಾಂಟುಗಳನ್ನೆಲ್ಲ ಬದಲಾಯಿಸಿ ನೋಡಿ, ಗುಬ್ಬಿಯೇ ಇರಲಿ ಎಂದರು.

ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವುದು ಅಷ್ಟು ಸಲೀಸಾಗಲಿಲ್ಲ. ಕನ್ನಡವೇನೋ ಬಂತು, 'ಸೂರ್ಯ', 'ವರ್ಷ'ಗಳ ಅರ್ಕಾವತ್ತೂ ಸರಿಯಾಗಿ ಬಂತು. ಆದರೆ ಪ್ರಶ್ನೆಗಳ ನಡುವಿನ ಇಂಗ್ಲಿಷ್ ಪದಗಳು, ರಾಸಾಯನಿಕ ಸೂತ್ರಗಳು ಎಲ್ಲವೂ ಕನ್ನಡದ ಚೂರುಗಳಾಗಿ ಕಲಸಿಹೋದವು. ಬರೀ ಪಠ್ಯ ನೋಡುವ ಪರಿವರ್ತಕಕ್ಕೆ ಯಾವುದು ಯಾವ ಫಾಂಟಿನಲ್ಲಿತ್ತು ಎಂದು ಗೊತ್ತಾಗುವುದಿಲ್ಲ. ನಮ್ಮಲ್ಲೊಬ್ಬಳು ಫಾಂಟಿನ ಹೆಸರು ನೋಡಿ ಆಯಾ ತುಂಡನ್ನಷ್ಟೇ ಪರಿವರ್ತಿಸುವ ಪುಟ್ಟ ಪ್ರೋಗ್ರಾಂ ಬರೆಯುತ್ತಿದ್ದಾಳೆ. ಹನ್ನೆರಡು ವರ್ಷದ ಶ್ರಮವನ್ನು ಬಿಟ್ಟುಬನ್ನಿ ಎಂದು ಯಾರಿಗೂ ಹೇಳಲಾಗದು.

ಮೇ 11, ಭಾನುವಾರ

ಐದನೇ ತಾರೀಖಿನಿಂದ ಶಿಕ್ಷಕರು ಪರಿಶಿಷ್ಟ ಜಾತಿಗಳ ಸಮೀಕ್ಷೆಗೆಂದು ಮನೆಮನೆ ಸುತ್ತುತ್ತಿದ್ದಾರೆ. ಬೀಗದ ಕೈ ಅವರ ಬಳಿ. ಮೂರನೇ ಶಾಲೆಗೆ ಎಣಿಕೆಯ ದಿನದ ನಂತರ ಕಾಲಿಡಲೇ ಆಗಿಲ್ಲ.

ಎರಡನೇ ಶಾಲೆಯಲ್ಲಿ 'ಇಂಟರ್ನೆಟ್ ಕೆಟ್ಟಿದೆ' ಎಂದು ಬದಿಗಿಟ್ಟಿದ್ದ ಐದು ಯಂತ್ರಗಳ ಕಾಯಿಲೆ ಸಿಕ್ಕಿತು. ಮದರ್‌ಬೋರ್ಡಿನ ಬಟನ್ ಸೆಲ್ ಸತ್ತಿದೆ. ಪ್ರತಿ ಸಲ ಆನ್ ಮಾಡಿದಾಗಲೂ ತಾರೀಖು 2013ರ ಜನವರಿ 1. ವೆಬ್‌ಸೈಟುಗಳ ಸುರಕ್ಷತಾ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅವಧಿ ಇರುತ್ತದೆ. 2013ರಲ್ಲಿ ಕೂತ ಯಂತ್ರಕ್ಕೆ ಅದು ಇನ್ನೂ ಹುಟ್ಟಿರದ ಪತ್ರ, ಹಾಗಾಗಿ ಬಾಗಿಲು ತೆಗೆಯುವುದಿಲ್ಲ. ಮೂರು ವೋಲ್ಟಿನ ಸೆಲ್, ಇಪ್ಪತ್ತು ರೂಪಾಯಿ. ಎರಡು ವರ್ಷದಿಂದ ಆ ಐದೂ ಮೂಲೆಯಲ್ಲಿದ್ದವಂತೆ.

ಪಕ್ಕದ ಕೋಣೆಯಲ್ಲಿ ಬಿಸಿಯೂಟದ ಅಕ್ಕಿ ಮೂಟೆ ಇರುವುದರಿಂದ ಇಲಿಕಾಟ ವಿಪರೀತ. ನೆಲಮಟ್ಟದಲ್ಲಿ ಕೇಬಲ್ ಎಳೆಯದೆ, ಗೋಡೆಯ ಮೇಲೆ ಆರಡಿ ಎತ್ತರದಲ್ಲಿ ಜಿಐ ಪೈಪಿನೊಳಗೆ ಒಯ್ದೆವು.

ಮೇ 20, ಮಂಗಳವಾರ

ಭಾನುವಾರ ರಾತ್ರಿಯಿಂದ ಸೋಮವಾರ ಬೆಳಗಿನವರೆಗೆ ಸುರಿದ ಮಳೆಗೆ ಊರೇ ನೀರಾಗಿತ್ತು. ನಗರದಲ್ಲಿ ನೂರು ಮಿಲಿಮೀಟರ್ ದಾಟಿದೆ. ಪ್ರೌಢಶಾಲೆಗೆ ಇವತ್ತು ಹೋಗಲು ಸಾಧ್ಯವಾಯಿತು. ಕೊಠಡಿಯ ಒಂದು ಮೂಲೆ ಸೋರಿದೆ. ಕಾವಲಿನ ಅಜ್ಜ ರಾತ್ರಿಯೇ ಬಂದು ಟಾರ್ಪಾಲು ಹೊದಿಸಿದ್ದರಿಂದ ಯಂತ್ರಗಳು ಉಳಿದಿವೆ. ಅವರ ಋಣ ದೊಡ್ಡದು.

ಉಳಿಯದೇ ಹೋದದ್ದು ಹೊಸ ಸ್ವಿಚ್. ಕಚೇರಿ ಕಟ್ಟಡಕ್ಕೂ ಕಂಪ್ಯೂಟರ್ ಕೊಠಡಿಗೂ ನಡುವೆ ಅಂಗಳದ ಮೇಲೆ ಹಾದುಹೋಗಿದ್ದ ಅರವತ್ತು ಮೀಟರ್ ತಾಮ್ರದ ಕೇಬಲ್ಲೇ ಸಿಡಿಲಿನ ಏಟನ್ನು ಒಳಗೆ ತಂದಿದೆ. ದೂರ ನೂರು ಮೀಟರಿನೊಳಗಿದೆ, ನಡೆಯುತ್ತದೆ ಎಂದು ಹಳೆಯ ದಾರಿಯಲ್ಲೇ ಎಳೆದವನು ನಾನು. ಬಯಲಿನಲ್ಲಿ ತಾಮ್ರ ಎಳೆಯಬಾರದೆಂದು ನೌಕರಿಯಲ್ಲಿ ದಿನವೂ ಹೇಳುವ ಮಾತು. ಇಲ್ಲಿ ಖರ್ಚು ಉಳಿಸಲು ಹೋಗಿ ತಪ್ಪು ಮಾಡಿದೆ. ಫೈಬರ್ ಕೇಬಲಿನ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಶನಿವಾರ ಫೈಬರ್.

ಮೇ 25, ಭಾನುವಾರ

ಫೈಬರ್ ಆಯಿತು. ಬಡಾವಣೆಯ ಕೇಬಲ್ ಹುಡುಗ ತನ್ನ ಸ್ಪ್ಲೈಸಿಂಗ್ ಯಂತ್ರ ತಂದು ಎರಡೂ ತುದಿ ಬೆಸೆದುಕೊಟ್ಟ, ದುಡ್ಡು ಬೇಡವೆಂದ. ಅವನೂ ಅದೇ ಶಾಲೆಯವನಂತೆ.

ಇಂಟರ್ನೆಟ್ ಇಲ್ಲದ ದಿನವೂ ಪಾಠ ನಡೆಯಲೆಂದು ಪ್ರತಿ ಕೊಠಡಿಯಲ್ಲೂ ಒಂದು ಯಂತ್ರವನ್ನು ಸರ್ವರ್ ಮಾಡಿದ್ದೇವೆ: ಇಂಟರ್ನೆಟ್ ಇಲ್ಲದೆ ಓದಿಸುವ ಕಿವಿಕ್ಸ್ ತಂತ್ರಾಂಶದಲ್ಲಿ ಪೂರ್ತಿ ಕನ್ನಡ ವಿಕಿಪೀಡಿಯ, ಪರದೆಯ ಮೇಲೇ ಮಾಡುವ, ಕನ್ನಡಕ್ಕೆ ಬಂದಿರುವ ಫೆಟ್ ವಿಜ್ಞಾನ ಪ್ರಯೋಗಗಳು, ಪಠ್ಯಪುಸ್ತಕಗಳ ಪಿಡಿಎಫ್.

ಕೆಟ್ಟ ನಾಲ್ಕು ಯಂತ್ರಗಳ ಬಿಡಿಭಾಗ ಬಳಸಿಕೊಂಡಿದ್ದೇವೆ. ಅವನ್ನು ಗುಜರಿಗೆ ಹಾಕುವಂತಿಲ್ಲ, ಸ್ಟಾಕ್ ರಿಜಿಸ್ಟರಿನಲ್ಲಿವೆ. ಯಾವ ಭಾಗ ಯಾವುದಕ್ಕೆ ಹೋಯಿತೆಂದು ಬರೆದು, ಮುಖ್ಯ ಶಿಕ್ಷಕರ ಸಹಿ ಮಾಡಿಸಿ ಇಟ್ಟಿದ್ದೇವೆ.

ಮೇ 29, ಗುರುವಾರ

ಅರ್ಧ ದಿನ ರಜೆ ಹಾಕಿ ಎರಡನೇ ಶಾಲೆಗೆ ಹೋದೆ. ಬಾಗಿಲಿಗೆ ಮಾವಿನ ತೋರಣ, ಮಕ್ಕಳ ಕೈಯಲ್ಲಿ ಹೂವು. ಪ್ರೌಢಶಾಲೆಯಲ್ಲಿ 15, ಇಲ್ಲಿ 11 ಸಿದ್ಧ. ಮೂರನೇ ಶಾಲೆಯಲ್ಲಿ 8ರ ಪೈಕಿ 2 ಮಾತ್ರ ಆಗಿವೆ, 6 ಬಾಕಿ.

ಐದನೇ ತರಗತಿಯವರನ್ನು ಒಳಗೆ ಬಿಟ್ಟರು. ಮೊದಲ ಸಾಲಿನ ಹುಡುಗಿಯೊಬ್ಬಳು ತೋರುಬೆರಳಿನ ತುದಿಯನ್ನು ಕ್ಯಾಬಿನೆಟ್ಟಿಗೆ ತಾಗಿಸಿ ತಟ್ಟನೆ ಎಳೆದುಕೊಂಡಳು. ಮತ್ತೆ ತಾಗಿಸಿದಳು. ಆಮೇಲೆ ಅಂಗೈ ಪೂರ್ತಿ ಇಟ್ಟು ಹಿಂದಿನವಳ ಕಡೆ ತಿರುಗಿ, "ಕಚ್ಚಲ್ಲ ಕಣೇ, ಬಾ" ಎಂದಳು.

ಜೂನ್ 8ರ ಭಾನುವಾರ ಮೂರನೇ ಶಾಲೆಗೆ. ಆರು ಎಸ್‌ಎಸ್‌ಡಿ, ಆರು ಬಟನ್ ಸೆಲ್, ಮೀಟರ್, ಬ್ಲೇಡು. ಬೀಗದ ಕೈಗೆ ಹಿಂದಿನ ದಿನವೇ ಫೋನ್ ಮಾಡಬೇಕು.