ಸ್ವಾಬ್ ರಿಸಲ್ಟ್ 6 ಗಂಟೆ ಅಂತ ಟೈಪ್ ಮಾಡಿದ್ದು ನಾನೇ

ನಮ್ಮ ಪ್ಲಾಂಟಿನಲ್ಲಿ ನನಗೆ ‘ಮಾಡೆಲ್ ಸರ್’ ಅಂತ ಒಂದು ಅಡ್ಡಹೆಸರಿದೆ. ಗೌರವಕ್ಕೆ ಇಟ್ಟಿದ್ದಲ್ಲ. ಒಂದು ರಾತ್ರಿ ಒಂದು ಕೆಟಲ್ ಬೈಂಡರ್, ಅಂದರೆ ಮಾತ್ರೆಯ ಪುಡಿಯನ್ನು ಅಂಟಿಸೋ ದ್ರಾವಣ, ಹಾಳಾದ ಮೇಲೆ ಗ್ರ್ಯಾನ್ಯುಲೇಷನ್ (ಪುಡಿಯನ್ನು ಹರಳು ಮಾಡೋ ವಿಭಾಗ) ಹುಡುಗರು ಇಟ್ಟಿದ್ದು. ಎರಡು ವರ್ಷ ಆಯ್ತು. ಇವತ್ತಿಗೂ ಕ್ಯಾಂಟೀನಲ್ಲಿ ಸಾಂಬಾರ್ ತಡವಾದರೆ ಯಾರಾದರೊಬ್ಬರು ‘ಮಾಡೆಲ್ ಪ್ರಕಾರ ಎಷ್ಟೊತ್ತಿಗೆ ಬರುತ್ತೆ ಸರ್?’ ಅಂತ ಕೇಳೇ ಕೇಳುತ್ತಾರೆ.

ನಾನಿರೋದು ಪಿಪಿಐಸಿಯಲ್ಲಿ, ಅಂದರೆ ಪ್ರೊಡಕ್ಷನ್ ಪ್ಲಾನಿಂಗ್ ವಿಭಾಗದಲ್ಲಿ. ಜಿಗಣಿ ಕಡೆ ಒಂದು ಔಷಧಿ ಫಾರ್ಮುಲೇಷನ್ ಪ್ಲಾಂಟ್, ಬರೀ ಮಾತ್ರೆ. ತಿಂಗಳ ಪ್ಲಾನ್ ಎಕ್ಸೆಲ್‌ನಲ್ಲಿ. 1ನೇ ತಾರೀಖು ಎಲ್ಲ ಹಸಿರು, 10ಕ್ಕೆ ಹಳದಿ, 25ಕ್ಕೆ ಕೆಂಪು. ಕಂಪನಿಯ ಸ್ಯಾಪ್ ಸಾಫ್ಟ್‌ವೇರ್ ಕಡೆಯಿಂದಲೂ ದೊಡ್ಡ ಸಹಾಯ ಇಲ್ಲ. ಅದರ ಎಂಆರ್‌ಪಿ (ಯಾವ ಸಾಮಗ್ರಿ ಯಾವಾಗ ಬೇಕು ಅಂತ ಲೆಕ್ಕ ಹಾಕೋ ಭಾಗ) ನಮ್ಮ ಮಷಿನ್‌ಗಳಿಗೆ ಮಿತಿಯೇ ಇಲ್ಲ ಅಂದುಕೊಂಡು ಆರ್ಡರ್ ಸುರಿಯುತ್ತೆ. ಮಾತ್ರೆ ಒತ್ತೋ ಕಂಪ್ರೆಷನ್ ಮಷಿನ್ ಒಂದೇ ಇರಲಿ, ಹತ್ತಿರಲಿ, ಅದಕ್ಕೆ ಎಲ್ಲಾ ಒಂದೇ.

ಅದಕ್ಕೇ ಸಿಮ್ಯುಲೇಷನ್ ಹುಚ್ಚು ಹತ್ತಿದ್ದು. ಪೈಥಾನ್ ಅಲ್ಪಸ್ವಲ್ಪ ಬರುತ್ತಿತ್ತು, ಸಿಮ್‌ಪೈ ಅಂತ ಒಂದು ಲೈಬ್ರರಿ ಇದೆ, ಪುಕ್ಕಟೆ. ರಾತ್ರಿ ಮನೆಯಲ್ಲಿ ಕೂತು ಮೂರು ವಾರದಲ್ಲಿ ನಮ್ಮ ಪ್ಲಾಂಟನ್ನೇ ಒಂದು ಮಾಡೆಲ್ ಆಗಿ ಲ್ಯಾಪ್‌ಟಾಪಿಗೆ ಇಳಿಸಿದೆ. ಡಿಸ್ಪೆನ್ಸಿಂಗ್, ಆರ್‌ಎಂಜಿ (ಪುಡಿ ಕಲಸೋ ಮಷಿನ್), ಎಫ್‌ಬಿಡಿ (ಒಣಗಿಸೋ ಮಷಿನ್), ಬ್ಲೆಂಡರ್, ಕಂಪ್ರೆಷನ್, ಕೋಟಿಂಗ್, ಬ್ಲಿಸ್ಟರ್ ಲೈನ್. ಒಂದು ವರ್ಷದ ಬಿಎಂಆರ್ (ಬ್ಯಾಚ್ ದಾಖಲೆ) ತೆಗೆಸಿ ಪ್ರತಿ ಸ್ಟೆಪ್ಪಿಗೂ ಟೈಮ್ ಹಾಕಿದೆ. ಕಡಿಮೆ ಅಂದರೆ ಎಷ್ಟು, ಸಾಮಾನ್ಯವಾಗಿ ಎಷ್ಟು, ಜಾಸ್ತಿ ಅಂದರೆ ಎಷ್ಟು ಅಂತ. ರನ್ ಕೊಟ್ಟರೆ ಒಂದು ತಿಂಗಳು ಎರಡು ಸೆಕೆಂಡಲ್ಲಿ ಮುಗಿಯೋದು. ಅದನ್ನು ನೋಡ್ತಾ ಕೂತರೆ ಬರೋ ಖುಷಿನೇ ಬೇರೆ. ನಿಜವಾದ ಪ್ಲಾಂಟಲ್ಲಿ ಯಾರೂ ನನ್ನ ಮಾತು ಕೇಳಲ್ಲ, ಇದರಲ್ಲಿ ಆರ್‌ಎಂಜಿ ಕೂಡ ಕೇಳುತ್ತೆ!

ಕ್ಲೀನಿಂಗ್ ವಿಷಯ ಬಂದಾಗ ಟೈಪ್ ಬಿಗೆ (ಪ್ರಾಡಕ್ಟ್ ಬದಲಾಗೋವಾಗ ಮಾಡೋ ಪೂರ್ತಿ ಕ್ಲೀನಿಂಗ್) ಲಾಗ್‌ಬುಕ್ ನೋಡಿ ಟೈಮ್ ಹಾಕಿದೆ. ಸ್ವಾಬ್ (ಹಿಂದಿನ ಔಷಧಿ ಉಳಿದಿದೆಯಾ ಅಂತ ನೋಡೋಕೆ ತೊಳೆದ ಮಷಿನ್ ಒರೆಸಿ ಕಳಿಸೋ ಸ್ಯಾಂಪಲ್) ಹೋಗಿ ರಿಸಲ್ಟ್ ಬರೋದಕ್ಕೆ ಮಾತ್ರ ಯಾವ ಲಾಗ್‌ಬುಕ್ಕಲ್ಲೂ ಎಂಟ್ರಿ ಸಿಗಲಿಲ್ಲ. ಕ್ಲೀನಿಂಗ್ ಶುರು, ಕ್ಲೀನಿಂಗ್ ಮುಗಿತು, ಆಮೇಲೆ ಲೈನ್ ಕ್ಲಿಯರೆನ್ಸ್, ಅಂದರೆ ಮುಂದಿನ ಬ್ಯಾಚಿಗೆ ಅನುಮತಿ. ಮಧ್ಯದಲ್ಲಿ ಮಷಿನ್ ಸುಮ್ನೆ ನಿಂತಿರುತ್ತಲ್ಲ, ಅದನ್ನು ಬರೆಯೋಕೆ ಯಾರಿಗೂ ಕಾಲಂ ಇಲ್ಲ. ಕ್ಯೂಸಿಗೆ (ಕ್ವಾಲಿಟಿ ಕಂಟ್ರೋಲ್ ಲ್ಯಾಬ್) ಫೋನ್ ಮಾಡಿ ಕೇಳಿದೆ. ಯಾರೋ ಹುಡುಗ ಎತ್ತಿದ. ‘ಸ್ವಾಬ್ ಎಷ್ಟೊತ್ತಪ್ಪಾ?’ ‘ಆರು ಗಂಟೆ ಸರ್.’ ಟೈಪ್ ಮಾಡಿದೆ: 6. ಏರಿಳಿತ ಕೂಡ ಇಲ್ಲ, ಬರೀ 6.

ಮಾಡೆಲ್ ಏನು ಹೇಳ್ತು ಅಂದರೆ, ನೀವು ಒಂದೇ ಪ್ರಾಡಕ್ಟನ್ನು ಎಂಟು ಬ್ಯಾಚ್ ಎಳೀತೀರಿ, ಅದರಿಂದ ಬ್ಲೆಂಡ್ ಡ್ರಮ್‌ಗಳು ಕಂಪ್ರೆಷನ್ ಮುಂದೆ ರಾಶಿ ಬೀಳುತ್ತವೆ, ಬೇರೆ ಪ್ರಾಡಕ್ಟ್‌ಗಳು ಹಸಿದುಕೊಂಡಿರುತ್ತವೆ, ಕ್ಯಾಂಪೇನ್ (ಒಂದೇ ಪ್ರಾಡಕ್ಟಿನ ಸಾಲು ಬ್ಯಾಚ್) ನಾಲ್ಕಕ್ಕೆ ಇಳಿಸಿ. ತಿಂಗಳಿಗೆ 30 ಬ್ಯಾಚ್ ಬರೋ ಕಡೆ 34 ಬರುತ್ತೆ ಅಂತ ಗ್ರಾಫ್ ತೋರಿಸ್ತು. ಇನ್ನೂರು ಸಲ ಓಡಿಸಿದೆ, ಇನ್ನೂರು ಸಲವೂ ಹತ್ತಿರ ಹತ್ತಿರ ಅದೇ. ಇನ್ನೂರು ಸಲ ಅದೇ ಬಂತು ಅಂದರೆ ನಿಜ ಅಂದುಕೊಂಡುಬಿಟ್ಟೆ. ತಪ್ಪು ನಂಬರನ್ನು ಇನ್ನೂರು ಸಲ ಓಡಿಸಿದರೂ ತಪ್ಪೇ ಬರೋದು ಅಂತ ಆಗ ಹೊಳೀಲಿಲ್ಲ.

ರಿವ್ಯೂ ಮೀಟಿಂಗಲ್ಲಿ ಕ್ಯೂಎ (ಕ್ವಾಲಿಟಿ ಅಶ್ಯೂರೆನ್ಸ್) ಸರ್ ಒಬ್ಬರೇ ಪ್ರಶ್ನೆ ಕೇಳಿದ್ದು. ‘ಇದು ವ್ಯಾಲಿಡೇಟೆಡ್ ಸಾಫ್ಟ್‌ವೇರಾ?’ ಅಂದರೆ ಸರಿಯಾಗಿ ಕೆಲಸ ಮಾಡುತ್ತೆ ಅಂತ ಪರೀಕ್ಷಿಸಿ ದಾಖಲೆ ಮಾಡಿದ್ದಾ ಅಂತ. ಎಲ್ಲರೂ ನಕ್ಕರು. ನಾನೂ ನಕ್ಕೆ. ಇದು ಪ್ಲಾನಿಂಗ್‌ಗೆ ಮಾತ್ರ ಸರ್, ಜಿಎಂಪಿ (ಔಷಧಿ ತಯಾರಿಕೆ ನಿಯಮದ) ರೆಕಾರ್ಡ್ ಅಲ್ಲ ಅಂತ ಸಮಜಾಯಿಷಿ ಕೊಟ್ಟೆ. ಅವರು ಕೇಳಿದ್ದು ಪೇಪರಿನ ವ್ಯಾಲಿಡೇಷನ್ನೇ ಇರಬಹುದು. ಆದರೆ ‘ಹೋದ ತಿಂಗಳ ಪ್ಲಾನ್ ಇದಕ್ಕೆ ಕೊಟ್ಟರೆ ಹೋದ ತಿಂಗಳು ಆಗಿದ್ದನ್ನೇ ಹೇಳುತ್ತಾ?’ ಅಂತ ಯಾರೂ ಕೇಳಲಿಲ್ಲ. ನಾನೂ ಹಾಕಿ ನೋಡಿರಲಿಲ್ಲ. ಪ್ಲಾಂಟ್ ಹೆಡ್‌ಗೆ 34 ಅನ್ನೋ ನಂಬರ್ ಸಿಕ್ಕಿತ್ತು, ಅವರು ಅದನ್ನು ಅವತ್ತೇ ಮಾರ್ಕೆಟಿಂಗ್‌ಗೆ ಮೇಲ್ ಮಾಡಿದ್ದೂ ಆಯ್ತು.

ಕ್ಯಾಂಪೇನ್ ನಾಲ್ಕು ಮಾಡಿದ ಮೇಲೆ ಮೊದಲ ಎರಡು ವಾರ ಎಳೆದಾಡಿಕೊಂಡು ನಡೀತು. ಮೂರನೇ ವಾರ ಒಂದು ಗುರುವಾರ. ಗ್ರ್ಯಾನ್ಯುಲೇಷನ್‌ನಲ್ಲಿ ಟೈಪ್ ಬಿ ಬೆಳಿಗ್ಗೆ 11ಕ್ಕೆ ಮುಗಿದಿತ್ತು, ಎಫ್‌ಬಿಡಿಯ ಫಿಂಗರ್ ಬ್ಯಾಗ್ (ಫಿಲ್ಟರ್ ಚೀಲ) ಬದಲಾಗಿತ್ತು, ವಿಷುವಲ್ ಓಕೆ, ಸ್ವಾಬ್ 11:30ಕ್ಕೆ ಕ್ಯೂಸಿಗೆ ಹೋಗಿತ್ತು. ಆರು ಗಂಟೆ ಸೇರಿಸಿದರೆ 5:30. ನಾನು ಶಿಫ್ಟ್ ಇನ್‌ಚಾರ್ಜ್‌ಗೆ ಹೇಳಿದೆ, ‘5:30ಕ್ಕೆ ಕ್ಲಿಯರೆನ್ಸ್ ಸಿಗುತ್ತೆ, ಬೈಂಡರ್ ರೆಡಿ ಇಟ್ಕೊಳ್ಳಿ, ಒಂದು ನಿಮಿಷ ವೇಸ್ಟ್ ಆಗಬಾರದು.’ ಆತ ಹಾವೇರಿ ಕಡೆಯವರು, ಹದಿನೈದು ವರ್ಷದ ಸರ್ವೀಸು. ‘ರಿಸಲ್ಟ್ ಕೈಗೆ ಬರ್ಲಿ ತಡೀರಿ ಸರ್ರ, ಆಮ್ಯಾಲ ಮಾಡೂಣು’ ಅಂದರು. ನಾನು ಕೇಳಲಿಲ್ಲ. ಮಾಡೆಲ್‌ನಲ್ಲಿ ಬೈಂಡರ್ ಮೊದಲೇ ರೆಡಿ ಇದ್ದರೆ ಬ್ಯಾಚಿಗೆ ಒಂದೂವರೆ ಗಂಟೆ ಉಳಿಯುತ್ತೆ ಅಂತ ನೋಡಿಬಿಟ್ಟಿದ್ದೆನಲ್ಲ! ಬೈಂಡರ್ ರೂಮ್ ಬೇರೆ, ಅದಕ್ಕೆ ಕ್ಲಿಯರೆನ್ಸ್ ಆಗಲೇ ಇತ್ತು. ಸಂಜೆ 5ಕ್ಕೆ ಕೆಟಲ್ ತುಂಬ ಬೈಂಡರ್, ಅಂದರೆ ಪಿವಿಪಿ ದ್ರಾವಣ, ರೆಡಿ. ಹೋಲ್ಡ್ ಟೈಮ್ 8 ಗಂಟೆ, ಅಷ್ಟರೊಳಗೆ ಬಳಸದಿದ್ದರೆ ಬಿಸಾಕಬೇಕು.

5:30 ಆಯ್ತು. 6 ಆಯ್ತು. ಫೋನ್ ಮಾಡಿದರೆ ಕ್ಯೂಸಿಯಲ್ಲಿ ಎತ್ತುತ್ತಿಲ್ಲ. ಕಂಪನಿ ಬಸ್ ಹೋಯ್ತು. 7ಕ್ಕೆ ನಾನೇ ಮೆಟ್ಟಿಲು ಹತ್ತಿ ಲ್ಯಾಬಿಗೆ ಹೋದೆ.

ನಮ್ಮ ಸ್ವಾಬ್ ಟ್ಯೂಬುಗಳು ಸ್ಟ್ಯಾಂಡಿನಲ್ಲಿ ಹಾಗೇ ನಿಂತಿದ್ದವು. 11:30ಕ್ಕೆ ಕೊಟ್ಟಾಗ ಹಚ್ಚಿದ್ದ ಲೇಬಲ್, ಪಕ್ಕದಲ್ಲಿ ಇನ್ನೂ ಎರಡು ಪ್ರಾಡಕ್ಟ್‌ಗಳ ಸ್ವಾಬು, ಅದರ ಹಿಂದೆ ಡಿಸಲ್ಯೂಷನ್ (ಮಾತ್ರೆ ಕರಗೋ ಟೆಸ್ಟ್) ಸ್ಯಾಂಪಲ್‌ಗಳ ಸಾಲು. ಎಚ್‌ಪಿಎಲ್‌ಸಿ (ಔಷಧಿ ಎಷ್ಟಿದೆ ಅಂತ ಅಳೆಯೋ ಮಷಿನ್) ಮೇಲೆ ಡಿಸ್ಪ್ಯಾಚಿಗೆ ಕಾದಿದ್ದ ಬ್ಯಾಚಿನ ಅಸ್ಸೇ ಟೆಸ್ಟ್ ಓಡ್ತಾ ಇತ್ತು. ಕ್ಯೂಸಿ ಮೇಡಂ ಕನ್ನಡಕ ಹಣೆಗೇರಿಸಿ ನನ್ನ ಮುಖ ನೋಡಿದರು.

‘ಆರು ಗಂಟೆ ಅಂತ ಹೇಳಿದ್ರಲ್ಲ ಮೇಡಂ?’

‘ಶುರು ಮಾಡಿದ ಮೇಲೆ ಆರು ಗಂಟೆ. ಶುರು ಯಾವಾಗ ಅಂತ ನೀವು ಕೇಳಿದ್ರಾ?’

ಆಮೇಲೆ ಅವರು ಹೇಳಿದ್ದನ್ನು ನಾನು ಮೂರು ವಾರ ಮೊದಲು ಒಂದು ಟೀ ಕುಡಿಯೋ ಹೊತ್ತಲ್ಲಿ ಕೇಳಿ ತಿಳ್ಕೋಬಹುದಿತ್ತು. ಒಂದೊಂದು ಪ್ರಾಡಕ್ಟಿಗೆ ಒಂದೊಂದು ಮೆಥಡ್. ಮಷಿನ್ನಿನ ಕಾಲಂ (ಔಷಧಿ ಬೇರ್ಪಡಿಸೋ ಕೊಳವೆ) ಬದಲಿಸಬೇಕು, ಮೊಬೈಲ್ ಫೇಸ್ (ಅದರಲ್ಲಿ ಹರಿಯೋ ದ್ರಾವಣ) ಮಾಡಬೇಕು, ಬೇಸ್‌ಲೈನ್ ನಿಲ್ಲೋವರೆಗೆ ಕಾಯಬೇಕು, ಬ್ಲ್ಯಾಂಕ್ ಹಾಕಬೇಕು, ಸ್ಟ್ಯಾಂಡರ್ಡ್ ಆರು ಇಂಜೆಕ್ಷನ್ ಕೊಟ್ಟು ಸಿಸ್ಟಮ್ ಸೂಟಬಿಲಿಟಿ (ಮಷಿನ್ ಸರಿ ಇದೆಯಾ ಅನ್ನೋ ಟೆಸ್ಟ್) ಪಾಸ್ ಆಗಬೇಕು. ಇಷ್ಟಾದ ಮೇಲೆ ಸ್ಯಾಂಪಲ್. ಹಾಗಾಗಿ ಅವರು ಒಂದೇ ಮೆಥಡ್ಡಿನ ಸ್ಯಾಂಪಲ್‌ಗಳನ್ನು ಸೇರಿಸಿ ಒಂದೇ ಸೀಕ್ವೆನ್ಸಲ್ಲಿ ಹಾಕ್ತಾರೆ. ಎಂಟು ಬ್ಯಾಚಿಗೊಂದು ಚೇಂಜ್‌ಓವರ್ (ಪ್ರಾಡಕ್ಟ್ ಬದಲಾವಣೆ) ಇದ್ದಾಗ ಇದು ನಡೀತಿತ್ತು. ನಾನು ನಾಲ್ಕಕ್ಕೆ ಇಳಿಸಿದೆ, ಚೇಂಜ್‌ಓವರ್ ಡಬಲ್, ಸ್ವಾಬ್ ಡಬಲ್, ದಿನಕ್ಕೊಂದು ಮೆಥಡ್, ಸೇರಿಸೋಕೆ ಏನೂ ಉಳೀಲಿಲ್ಲ. ನನ್ನ ಮಾಡೆಲ್ ಒಳಗೆ ಕ್ಯೂಸಿ ಅಂದರೆ ಎಷ್ಟು ಸ್ಯಾಂಪಲ್ ಕೊಟ್ಟರೂ ಆರು ಗಂಟೆಯಲ್ಲಿ ರಿಸಲ್ಟ್ ವಾಪಸ್ ಕೊಡೋ ಮಾಯಾ ಪೆಟ್ಟಿಗೆ.

ರಾತ್ರಿ 9ಕ್ಕೆ ನಮ್ಮ ಸ್ವಾಬ್‌ಗೆ ಕಾಲಂ ಹಾಕಿದರು. ನಾನು ಕಾರಿಡಾರಲ್ಲಿ ಗಾಜಿನ ಆಚೆ ನಿಂತಿದ್ದೆ. ಒಳಗೆ ಅನಾಲಿಸ್ಟ್ ಹುಡುಗಿ ಒಬ್ಬಳೇ, ಎರಡು ಇನ್‌ಸ್ಟ್ರುಮೆಂಟ್ ನಡುವೆ ಓಡಾಡ್ತಾ ಇದ್ದಳು. 11:40ಕ್ಕೆ ಅವಳು ನನ್ನ ಕಡೆ ತಿರುಗಿ ಕೈಯಲ್ಲೇ ‘ಇಲ್ಲ’ ಅಂದಳು. ಪೀಕ್ ಟೇಲಿಂಗ್ (ಗ್ರಾಫಿನ ಶಿಖರಕ್ಕೆ ಬಾಲ), ಸೂಟಬಿಲಿಟಿ ಫೇಲ್. ಅವಸರ ಮಾಡಬಾರದು ಅಂತ ಗೊತ್ತು, ಆದರೂ ‘ಎಷ್ಟೊತ್ತಾಗುತ್ತೆ?’ ಅಂತ ಗಾಜಿನ ಮೇಲೆ ವಾಚ್ ತೋರಿಸಿದೆ. ಅವಳು ಮೇಲೆ ಕೈ ತೋರಿಸಿದಳು. ದೇವರಿಗೇ ಗೊತ್ತು ಅಂತಲೋ, ಮೇಲಿನ ಮಹಡಿಯ ಮ್ಯಾನೇಜ್‌ಮೆಂಟ್‌ನ ಕೇಳಿ ಅಂತಲೋ, ಇವತ್ತಿಗೂ ಗೊತ್ತಿಲ್ಲ.

1 ಗಂಟೆಗೆ ಹೋಲ್ಡ್ ಟೈಮ್ ಮುಗೀತು. 1:05ಕ್ಕೆ ಐಪಿಕ್ಯೂಎ (ಶಾಪ್‌ಫ್ಲೋರಿನ ಕ್ಯೂಎ) ಎದುರಲ್ಲಿ ಬೈಂಡರನ್ನು ಡ್ರಮ್ಮಿಗೆ ಬಗ್ಗಿಸಿ ರಿಜೆಕ್ಟೆಡ್ ಲೇಬಲ್ ಹಚ್ಚಿದರು. ಇನ್‌ಚಾರ್ಜ್ ಒಂದು ಮಾತೂ ಆಡಲಿಲ್ಲ. ‘ಛಾ ಕುಡೀತೀರೇನ್ರಿ ಸರ್ರ?’ ಅಂದರು ಅಷ್ಟೇ. ಬೈದಿದ್ದರೇ ವಾಸಿ ಇತ್ತು.

2:50ಕ್ಕೆ ರಿಸಲ್ಟ್ ಬಂತು. ಪಾಸ್.

ಆ ತಿಂಗಳು 34 ಅಲ್ಲ, 27 ಬ್ಯಾಚ್. ಡೀವಿಯೇಷನ್ (ನಡೆದ ತಪ್ಪಿನ ವರದಿ) ಬಿತ್ತು, ರೂಟ್ ಕಾಸ್ ಕಾಲಂನಲ್ಲಿ ‘ಪ್ಲಾನಿಂಗ್’ ಅಂತ ಬಂತು. ಪಿಪಿಐಸಿಯಲ್ಲಿ ಮಾಡೆಲ್ ಮಾಡೋದು ನಾನೊಬ್ಬನೇ ಆದ್ದರಿಂದ ಹೆಸರು ಬರೆಯೋ ಅಗತ್ಯ ಇರಲಿಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದಾಗ ಹೊಟ್ಟೆ ಉರಿದದ್ದು ಏನು ಅಂದರೆ, ಇದೇನು ಹೊಸ ವಿದ್ಯೆ ಅಲ್ಲ. ಒಬ್ಬನೇ ಕೆಲಸಗಾರ, ಯಾವಾಗ ಬೇಕಾದರೂ ಬರೋ, ಎಷ್ಟು ಹೊತ್ತು ಬೇಕಾದರೂ ಹಿಡಿಯೋ ಕೆಲಸ, ಪಾಠದಲ್ಲಿ ಬರೋ ಅತಿ ಸರಳ ಕ್ಯೂ ಅದು. ಅವನು 80% ಬ್ಯುಸಿ ಇದ್ದರೆ ಒಂದು ಕೆಲಸ ಸರಾಸರಿ ಕಾಯೋದು ಅದನ್ನು ಮಾಡೋ ಹೊತ್ತಿನ 4 ಪಟ್ಟು. 90% ಆದರೆ 9 ಪಟ್ಟು. 95% ಆದರೆ 19 ಪಟ್ಟು. ನಮ್ಮ ಲ್ಯಾಬ್ ಇಷ್ಟು ಸರಳ ಅಲ್ಲ, ಆದರೆ ರೀತಿ ಇದೇ. ಕ್ಯೂಸಿ ಮೊದಲೇ ಕುತ್ತಿಗೆವರೆಗೆ ಮುಳುಗಿತ್ತು. ನಾನು ಮೇಲಿಂದ ಎರಡು ಚೊಂಬು ನೀರು ಹಾಕಿದೆ. ಎಂಬಿಎಯಲ್ಲಿ ಇದೇ ಲೆಕ್ಕ ಬರೆದು ಮಾರ್ಕ್ಸ್ ತಗೊಂಡವನು ನಾನು.

ಎರಡನೇ ಸಲ ಮಾಡೆಲ್ ಬರೆಯೋ ಮೊದಲು ಒಂದು ವಾರ ಲ್ಯಾಬಲ್ಲೇ ಸ್ಟೂಲ್ ಹಾಕ್ಕೊಂಡು ಕೂತೆ. ಯಾವ ಸ್ಯಾಂಪಲ್ ಯಾವಾಗ ಬಂತು, ಯಾವಾಗ ಮುಟ್ಟಿದರು ಅಂತ ನೋಟ್‌ಬುಕ್ಕಲ್ಲಿ ಬರೆದೆ. ಮೆಥಡ್ ಬದಲಾವಣೆ, ಸೂಟಬಿಲಿಟಿ ಫೇಲ್, ರಾತ್ರಿ ಶಿಫ್ಟಲ್ಲಿ ಒಬ್ಬರೇ ಇರೋದು, ಡಿಸ್ಪ್ಯಾಚ್ ಸ್ಯಾಂಪಲ್ ನಡುವೆ ನುಗ್ಗೋದು, ಎಲ್ಲಾ ಹಾಕಿದೆ. ಹಾಕಿ, ಹಿಂದಿನ ಮೂರು ತಿಂಗಳ ಪ್ಲಾನ್ ಕೊಟ್ಟು ಓಡಿಸಿದೆ. ಕೆಟ್ಟ ತಿಂಗಳಿಗೆ 26ರಿಂದ 29 ಅಂತ ಬಂತು. 27 ಅದರೊಳಗಿತ್ತು. ಅವಮಾನ ಆದರೂ ಆ ಗ್ರಾಫ್ ನೋಡಿ ಸಮಾಧಾನ ಆಯ್ತು. ಕ್ಯಾಂಪೇನ್ ಆರಕ್ಕೆ ಇಟ್ಟು, ಪ್ರಾಡಕ್ಟ್‌ಗಳ ಸರದಿ ಫಿಕ್ಸ್ ಮಾಡಿ, ನಾಳೆ ಯಾವ ಸ್ವಾಬ್ ಬರುತ್ತೆ ಅಂತ ಕ್ಯೂಸಿಗೆ ಇವತ್ತೇ ಹೇಳಿದರೆ 31, 32 ಬರುತ್ತೆ ಅಂತ ಹೇಳ್ತು. ಬರ್ತಾನೂ ಇದೆ, ಹೆಚ್ಚುಕಡಿಮೆ. ಪ್ಲಾಂಟ್ ಹೆಡ್‌ಗೆ ಮಾತ್ರ ಇದು ಹಿಡಿಸಿಲ್ಲ. ‘ಇಂದ-ವರೆಗೆ ಎಲ್ಲಾ ಬೇಡ, ಒಂದು ನಂಬರ್ ಹೇಳ್ರೀ’ ಅಂತಾರೆ. ನಾನೀಗ ಕೆಳಗಿನ ನಂಬರ್ ಹೇಳ್ತೀನಿ.

ಇನ್ನೂ ಒಂದು ಓಡಿಸಿ ನೋಡಿದ್ದೆ. ಹೊಸ ಎಚ್‌ಪಿಎಲ್‌ಸಿ ಒಂದು ಜಾಸ್ತಿ ಮಾಡಿದರೆ ಏನಾಗುತ್ತೆ, ರಾತ್ರಿ ಶಿಫ್ಟಿಗೆ ಒಬ್ಬ ಅನಾಲಿಸ್ಟ್ ಜಾಸ್ತಿ ಮಾಡಿದರೆ ಏನಾಗುತ್ತೆ ಅಂತ. ಮಷಿನ್ನಿಂದ ಹೇಳಿಕೊಳ್ಳೋ ಅಂಥ ಲಾಭ ಏನೂ ಇರಲಿಲ್ಲ, ಒಬ್ಬ ಮನುಷ್ಯ ಸಿಕ್ಕರೆ ರಾತ್ರಿಯ ಕ್ಯೂ ಅರ್ಧ ಕರಗುತ್ತಿತ್ತು. ಎರಡೂ ಗ್ರಾಫ್ ಪಕ್ಕಪಕ್ಕ ಇಟ್ಟು ಪ್ಲಾಂಟ್ ಹೆಡ್‌ಗೆ ತೋರಿಸಿದೆ, ಕ್ಯೂಸಿ ಮೇಡಂ ಕೂಡ ಜೊತೆಗಿದ್ದರು. ಹೆಡ್‌ಕೌಂಟ್ ಫ್ರೀಜ್ ಇದೆ, ಹೊಸಬರನ್ನು ತಗೊಳ್ಳೋ ಹಾಗಿಲ್ಲ, ಕ್ಯಾಪೆಕ್ಸಲ್ಲಿ (ಮಷಿನ್ ಖರೀದಿ ಬಜೆಟ್) ದುಡ್ಡಿದೆ ಅಂದರು ಹೆಡ್. ಎಚ್‌ಪಿಎಲ್‌ಸಿ ಬಂತು. ನಾಲ್ಕು ತಿಂಗಳಿಂದ ಸ್ಟೋರ್ಸಿನಲ್ಲಿ ಬಾಕ್ಸ್ ಒಡೆಯದೆ ಕೂತಿದೆ. ಕ್ವಾಲಿಫಿಕೇಷನ್ ಪ್ರೋಟೊಕಾಲ್ (ಮಷಿನ್ ಸರಿಯಿದೆ ಅಂತ ಸಾಬೀತು ಮಾಡೋ ಕ್ರಮ) ಬರೆದು ಅದನ್ನು ಓಡಿಸೋಕೆ ಲ್ಯಾಬಲ್ಲಿ ಜನ ಇಲ್ಲ.