ರಾತ್ರಿ ಮಗು ಇರುವುದು ನಮ್ಮ ಮನೆಯಲ್ಲಿ

ಒಂಬತ್ತನೇ ಕ್ಲಾಸಿನಲ್ಲಿದ್ದ ನನ್ನ ಮಗಳು ಗಣಿತದ ನೋಟ್ಸಿನ ಕೊನೆಯ ಹಾಳೆಯಲ್ಲಿ ತನಗೆ ಬದುಕುವುದು ಬೇಡವಾಗಿದೆ ಅಂತ ಬರೆದಿದ್ದಳು. ಪಕ್ಕದಲ್ಲಿ ಕೂರುವ ಹುಡುಗಿ ಅದನ್ನು ನೋಡಿ ಹೆದರಿ ಕ್ಲಾಸ್ ಟೀಚರಿಗೆ ಹೇಳಿದಳು. ಟೀಚರು ಹೆಡ್ ಮೇಡಂಗೆ ಹೇಳಿದರು. ಹೆಡ್ ಮೇಡಂ ಮಗಳನ್ನು ಕರೆಸಿ ಬುದ್ಧಿ ಹೇಳಿ ಕಳಿಸಿದರು. ಸ್ಟಾಫ್ ರೂಮಿಗೆ ವಿಷಯ ಗೊತ್ತಾಯಿತು. ಅಲ್ಲಿಂದ ವ್ಯಾನ್ ಡ್ರೈವರಿಗೂ ಹೋಯಿತು. ಗೊತ್ತಾಗದೆ ಉಳಿದವರು ನಾನು ಮತ್ತು ನನ್ನ ಗಂಡ. ನಮ್ಮ ಕಿವಿಗೆ ಬೀಳುವ ಹೊತ್ತಿಗೆ ವಾರಗಳೇ ಕಳೆದಿದ್ದವು.

ಇದು ಕಳೆದ ವರ್ಷ ದಸರಾ ರಜೆಗೆ ಮುಂಚೆ ನಡೆದದ್ದು. ಬರೆಯಬಹುದಾ ಅಂತ ಮಗಳನ್ನೇ ಕೇಳಿದೆ. ಓದಿ ನೋಡಿ, ಕೆಲವು ಸಾಲು ಹೊಡೆದುಹಾಕಿ, "ಉಳಿದಿದ್ದು ಹಾಕು ಅಮ್ಮ" ಅಂದಳು. ಶಾಲೆಯ ಹೆಸರು, ಊರಿನ ಹೆಸರು ಬರೆಯುವುದಿಲ್ಲ. ಮಲೆನಾಡಿನ ಒಂದು ತಾಲೂಕು ಕೇಂದ್ರ, ಅಷ್ಟು ಸಾಕು. ಅವಳು ಈಗಲೂ ಅಲ್ಲೇ ಓದುತ್ತಿದ್ದಾಳೆ.

ಆ ವಾರಗಳನ್ನು ನೆನೆಸಿಕೊಂಡರೆ ಈಗಲೂ ಕೈಕಾಲು ತಣ್ಣಗಾಗುತ್ತದೆ. ಮಾವನ ಮಾತ್ರೆ ಡಬ್ಬ ಎಂದಿನಂತೆ ಹೊರಗೇ ಇತ್ತು. ತೋಟಕ್ಕೆ ಹೊಡೆಯುವ ಔಷಧಿ ಇಡುವ ಕೋಣೆಗೆ ಬೀಗ ಇರಲಿಲ್ಲ. ನಾನು ಸೊಸೈಟಿ ಕೆಲಸ ಮುಗಿಸಿ ಬರುವುದು ಆರೂವರೆಗೆ. ಅಲ್ಲಿಯವರೆಗೆ ಅವಳು ಒಬ್ಬಳೇ. ಶಾಲೆಯವರು ಎಷ್ಟೇ ಒಳ್ಳೆಯವರಾಗಿರಲಿ, ನಮ್ಮ ಮನೆಯ ಕಪಾಟಿಗೆ ಬೀಗ ಹಾಕಲು ಅವರಿಂದ ಆಗುವುದಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಮಗು ಮಲಗಿದೆಯಾ ಅಂತ ನೋಡಲೂ ಆಗುವುದಿಲ್ಲ. ಅದೆಲ್ಲ ಆಗುವುದು ನಮ್ಮಿಂದ. ಅದಕ್ಕೆ ನಮಗೆ ವಿಷಯ ಗೊತ್ತಿರಬೇಕು. ಪೋಷಕರ ಹಕ್ಕು ಅಂತ ನಾನು ಜಗಳ ಮಾಡಿದ್ದು ಇಷ್ಟಕ್ಕೇ.

ಯಾಕೆ ಹೇಳಲಿಲ್ಲ ಅಂತ ಹೆಡ್ ಮೇಡಂ ಅವರನ್ನು ಕೇಳಿದೆ. "ನೀವು ಗಾಬರಿ ಆಗ್ತೀರಿ, ಮಗೂಗೆ ಹೊಡೀತೀರಿ ಅಂತ ಹೇಳ್ಲಿಲ್ಲ ಮೇಡಂ" ಅಂದರು. ಸಿಟ್ಟು ಬಂತು. ಆದರೆ ಆ ಮಾತನ್ನು ಸುಮ್ನೆ ತಳ್ಳಿಹಾಕಲು ಆಗಲಿಲ್ಲ. ಇಂಥ ವಿಷಯ ಕೇಳಿದ ಕೂಡಲೇ ಬೆಲ್ಟ್ ತೆಗೆಯುವ ಅಪ್ಪಂದಿರು ನಮ್ಮ ಬೀದಿಯಲ್ಲೇ ಇದ್ದಾರೆ. ಮಗುವಿನ ಸಂಕಟಕ್ಕೆ ಮನೆಯೇ ಕಾರಣ ಆಗಿರುವುದೂ ಉಂಟು. ಅಂಥ ಕಡೆ ಯೋಚನೆ ಮಾಡದೆ ಅಪ್ಪ ಅಮ್ಮನಿಗೆ ಫೋನ್ ಮಾಡಿದರೆ ಮಗುವನ್ನು ಇನ್ನಷ್ಟು ಅಪಾಯಕ್ಕೆ ನೂಕಿದಂತೆ. ಆಗ ಮಗು ನಂಬುವ ಅಜ್ಜಿಯನ್ನೋ ಚಿಕ್ಕಮ್ಮನನ್ನೋ ಕರೆಯಬೇಕು. ಅಂಥವರೂ ಇಲ್ಲದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು, ಮಕ್ಕಳ ಕಲ್ಯಾಣ ಸಮಿತಿ ಇದೆ. ಶಾಲೆ ಹೀಗೆ ಯೋಚನೆ ಮಾಡಿ ನಮಗೆ ತಿಳಿಸದೆ ಇದ್ದಿದ್ದರೆ ನಾನು ಒಪ್ಪುತ್ತಿದ್ದೆ. ಆದರೆ ನಮ್ಮ ಮನೆ ಹೇಗಿದೆ ಅಂತ ಮಗಳನ್ನು ಯಾರೂ ಕೇಳಿರಲಿಲ್ಲ. ಅಜ್ಜಿಗೂ ಹೇಳಿರಲಿಲ್ಲ, ಡಾಕ್ಟರಿಗೂ ಹೇಳಿರಲಿಲ್ಲ. ವಿಷಯ ಹೊರಗೆ ಹೋಗಬಾರದು ಅನ್ನುವುದೊಂದೇ ಅವರ ತಲೆಯಲ್ಲಿದ್ದದ್ದು. ಹಾಗಿದ್ದೂ ಹೊರಗೆ ಹೋಗಿತ್ತು.

ಕೊನೆಗೆ ನಮ್ಮನ್ನು ಕರೆಸಿದ್ದು ಮಧ್ಯವಾರ್ಷಿಕ ಪರೀಕ್ಷೆಯ ಹಾಲ್‌ನಲ್ಲಿ ಅವಳು ಅಳುವುದನ್ನು ನಿಲ್ಲಿಸದೇ ಇದ್ದಾಗ. ಹೋದ ಕೂಡಲೇ ಮೇಜಿನ ಮೇಲೆ ಟೈಪ್ ಮಾಡಿಟ್ಟ ಒಂದು ಹಾಳೆ. ಏನಾದರೂ ಆದರೆ ಶಾಲೆ ಜವಾಬ್ದಾರಿ ಅಲ್ಲ ಅಂತ ನಾವು ಸಹಿ ಹಾಕಬೇಕಿತ್ತು. ಇನ್ನು ಮುಂದೆ ಏನೂ ಮಾಡಿಕೊಳ್ಳುವುದಿಲ್ಲ ಅಂತ ಡಾಕ್ಟರ ಸರ್ಟಿಫಿಕೇಟ್ ತಂದರೆ ಮಾತ್ರ ಕ್ಲಾಸಿಗೆ ಸೇರಿಸುತ್ತೇವೆ ಅಂದರು. ಬೇಡವೆಂದರೆ ಟಿಸಿ ಕೊಡುತ್ತೇವೆ, ಮಗೂಗೂ ಜಾಗ ಬದಲಾದ ಹಾಗೆ ಆಗುತ್ತದೆ ಅಂದರು. ಮಗಳು ಹೊರಗೆ ಬೆಂಚಿನ ಮೇಲೆ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ತನಗೆ ಬದುಕುವುದು ಬೇಡ ಅಂತ ಬರೆದ ಹುಡುಗಿಗೆ ಶಾಲೆ ಕೊಟ್ಟ ಉತ್ತರ ಇದು. ನಾವು ಸಹಿ ಹಾಕಲಿಲ್ಲ.

ಮರುದಿನ ಬೆಳಗ್ಗಿನ ಬಸ್ಸಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೇ ಮನೋವೈದ್ಯರು ಬರುತ್ತಾರೆ ಅಂತ ಆಮೇಲೆ ತಿಳಿಯಿತು. ಗೊತ್ತಿದ್ದಿದ್ದರೂ ಅವತ್ತು ಮಂಗಳವಾರದವರೆಗೆ ಕಾಯುತ್ತಿರಲಿಲ್ಲ.

ಡಾಕ್ಟರು ಮೊದಲು ಮಗಳೊಬ್ಬಳನ್ನೇ ಕೂರಿಸಿಕೊಂಡು ಮಾತಾಡಿದರು. ನಾವು ಹೊರಗೆ ಕಾದೆವು. ಆಮೇಲೆ ಅವಳ ಮುಂದೆಯೇ ನಮ್ಮನ್ನು ಕೂರಿಸಿ, "ಇವಳು ಹೇಳಿದ್ದರಲ್ಲಿ ನಿಮಗೆ ಏನೇನು ಗೊತ್ತಾಗಬೇಕು ಅಂತ ನಾವಿಬ್ಬರೂ ಸೇರಿ ತೀರ್ಮಾನ ಮಾಡಿದ್ದೇವೆ" ಅಂದರು. ಜೀವಕ್ಕೆ ಸಂಬಂಧಪಟ್ಟದ್ದನ್ನೆಲ್ಲ ಹೇಳಿದರು. ಯಾವ ಹೊತ್ತಿನಲ್ಲಿ ಕಷ್ಟ ಜಾಸ್ತಿ, ಮನೆಯಲ್ಲಿ ಏನೇನಕ್ಕೆ ಬೀಗ ಬೀಳಬೇಕು, ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಸಿದರು. ಬರೆದವಳು ಮಗಳೇ. ಉಳಿದದ್ದು ಅವರಿಬ್ಬರ ಮಧ್ಯೆ ಉಳಿಯಿತು.

ಆ ಉಳಿದದ್ದು ಏನು ಅಂತ ತಿಳಿಯುವ ಆಸೆ ತಾಯಿಗೆ ಇರುವುದಿಲ್ಲವಾ? ತುಂಬಾ ಇತ್ತು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರಲ್ಲಿ ಅಪ್ರಾಪ್ತ ವಯಸ್ಸಿನ ಮಕ್ಕಳ ಪರವಾಗಿ ನಿರ್ಧಾರ ಮಾಡುವವರು ತಂದೆ ತಾಯಿ ಅಥವಾ ಪಾಲಕರು. ಮಗುವನ್ನು ಒಳರೋಗಿಯಾಗಿ ಸೇರಿಸಿಕೊಂಡರೆ ನಾವು ಅಥವಾ ನಾವು ನೇಮಿಸಿದವರು ಜೊತೆಯಲ್ಲೇ ಇರಬೇಕು ಅಂತಲೂ ಇದೆ. ಅದೇ ಕಾಯ್ದೆ ರೋಗಿಯ ಮಾತನ್ನು ಗುಟ್ಟಾಗಿ ಇಡಬೇಕು ಅಂತಲೂ ಹೇಳುತ್ತದೆ. ಎರಡೂ ಬೇಕು. ಹೇಳಿದ ಪ್ರತಿ ಮಾತೂ ಅಮ್ಮನಿಗೆ ಹೋಗುತ್ತದೆ ಅಂತಾದರೆ ಮಗು ಮುಂದಿನ ಸಲ ಬಾಯಿ ಬಿಡುವುದಿಲ್ಲ. ಅಪಾಯ ಇದೆ ಅನ್ನುವುದು ನನಗೆ ಅವತ್ತೇ ಗೊತ್ತಾಗಬೇಕು. ಅವಳ ಮನಸ್ಸಿನ ಮೂಲೆ ಮೂಲೆಯೂ ಗೊತ್ತಾಗಬೇಕು ಅಂತ ನಾನು ಕೇಳುವುದಿಲ್ಲ.

ಶಾಲೆ ಕೇಳಿದ ಸರ್ಟಿಫಿಕೇಟಿನ ವಿಷಯ ಹೇಳಿದಾಗ ಡಾಕ್ಟರು ತಲೆ ಅಲ್ಲಾಡಿಸಿದರು. ಅಂಥ ಗ್ಯಾರಂಟಿ ಯಾವ ಡಾಕ್ಟರೂ ಬರೆದುಕೊಡಲು ಸಾಧ್ಯವಿಲ್ಲ ಅಂದರು. ಬದಲಿಗೆ, ಮಗು ಶಾಲೆಗೆ ಬರಬಹುದು, ಬರುವುದರಿಂದ ಒಳ್ಳೆಯದೇ ಆಗುತ್ತದೆ, ಸಂಕಟವಾದಾಗ ಹೋಗಿ ಕೂರಲು ಒಂದು ಜಾಗ ಮತ್ತು ಮಾತಾಡಲು ಒಬ್ಬ ಟೀಚರು ಬೇಕು ಅಂತ ಬರೆದುಕೊಟ್ಟರು. ಅವಳು ಕನ್ನಡ ಮಿಸ್ ಹೆಸರು ಹೇಳಿದಳು. ಆ ಮಿಸ್ ಒಪ್ಪಿಕೊಂಡರು. ಇವತ್ತಿಗೂ ಮಧ್ಯಾಹ್ನ ಊಟದ ಹೊತ್ತಿಗೆ ಒಮ್ಮೆ ಇವಳ ಬೆಂಚಿನ ಹತ್ತಿರ ಬಂದು ಹೋಗುತ್ತಾರೆ. ಅವರಿಗೆ ಎಷ್ಟು ಋಣಿಯಾಗಿದ್ದೇನೆ ಅಂತ ಹೇಳಲು ಬರುವುದಿಲ್ಲ.

ಟಿಸಿ ವಿಷಯಕ್ಕೆ ಬರುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ಕ್ಲಾಸು ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ನನ್ನ ಮಗಳು ಆಗ ಒಂಬತ್ತನೇ ಕ್ಲಾಸು. ಓದಿನ ಒತ್ತಡ ಏರುವ ವಯಸ್ಸಿಗೆ ಸರಿಯಾಗಿ ಆ ರಕ್ಷಣೆ ಮುಗಿದುಹೋಗುತ್ತದೆ. ಇದು ನನಗೆ ತುಂಬಾ ಅನ್ಯಾಯ ಅನಿಸುತ್ತದೆ. ಅಲ್ಲದೆ ಹೊರಹಾಕುತ್ತೇವೆ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೀವೇ ಅರ್ಜಿ ಕೊಡಿ ಅನ್ನುತ್ತಾರೆ. ಅರ್ಜಿ ಕೊಟ್ಟರೆ ನಾವೇ ಬಿಡಿಸಿಕೊಂಡು ಹೋದ ಹಾಗೆ ದಾಖಲೆ ಆಗುತ್ತದೆ. ದಯವಿಟ್ಟು ಆ ಗಾಬರಿಯಲ್ಲಿ ಯಾವುದಕ್ಕೂ ಸಹಿ ಹಾಕಬೇಡಿ.

ಶಾಲೆಯವರ ಹೆದರಿಕೆ ಪೊಲೀಸ್ ಕೇಸಿನದ್ದೂ ಹೌದು. ಎಷ್ಟೋ ಮನೆಯವರೂ ಇದೇ ಹೆದರಿಕೆಯಿಂದ ಮುಚ್ಚಿಡುತ್ತಾರೆ. ಆತ್ಮಹತ್ಯೆಗೆ ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ನೋಡಬೇಕು, ಶಿಕ್ಷೆ ಕೊಡಬಾರದು ಅಂತ 2017ರ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆ ಪ್ರಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್ನೇ ಇಲ್ಲ.

"ನಮ್ಮ ಶಾಲೇಲಿ ಇಂಥದ್ದೆಲ್ಲ ಇಲ್ಲ" ಅಂತ ಹೆಡ್ ಮೇಡಂ ಮತ್ತೆ ಮತ್ತೆ ಹೇಳಿದರು. 2022ರಲ್ಲಿ ಈ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು ಅಂತ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕ ಹೇಳುತ್ತದೆ. ಆ ಮಕ್ಕಳೂ ಯಾವುದೋ ಶಾಲೆ ಕಾಲೇಜಿಗೆ ಹೋಗುತ್ತಿದ್ದವರೇ ಅಲ್ವಾ?

ನಮ್ಮ ಕೈಗೆ ಬಲ ಬಂದದ್ದು ಸುಪ್ರೀಂ ಕೋರ್ಟಿನ ಒಂದು ತೀರ್ಪಿನಿಂದ. ವಿಶಾಖಪಟ್ಟಣದಲ್ಲಿ ನೀಟ್ ಕೋಚಿಂಗಿಗೆ ಸೇರಿದ್ದ 17 ವರ್ಷದ ಹುಡುಗಿ ತೀರಿಕೊಂಡಿದ್ದಳು. ಅವಳ ಅಪ್ಪ ಸುಮ್ಮನೆ ಕೂರದೆ ಸುಪ್ರೀಂ ಕೋರ್ಟಿನವರೆಗೆ ಹೋದರು. 2025ರ ಜುಲೈ 25ರಂದು ನ್ಯಾಯಮೂರ್ತಿ ವಿಕ್ರಮ್ ನಾಥ್ ಮತ್ತು ಸಂದೀಪ್ ಮೆಹ್ತಾ ಅವರ ಪೀಠ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಜೊತೆಗೆ ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ 15 ಮಾರ್ಗಸೂಚಿ ಕೊಟ್ಟಿತು. ಸರ್ಕಾರ ಕಾನೂನು ಮಾಡುವವರೆಗೆ ಅವನ್ನು ಪಾಲಿಸಲೇಬೇಕು. 100 ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳಿರುವ ಕಡೆ ತರಬೇತಿ ಪಡೆದ ಒಬ್ಬ ಕೌನ್ಸೆಲರ್ ಆದರೂ ಇರಬೇಕು. ಚಿಕ್ಕ ಶಾಲೆಗಳು ಹೊರಗಿನ ತಜ್ಞರ ಜೊತೆ ವ್ಯವಸ್ಥೆ ಮಾಡಿಕೊಳ್ಳಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಆಗಬೇಕು. ಮಗು ಅಪಾಯದಲ್ಲಿದ್ದಾಗ ಯಾರಿಗೆ, ಎಲ್ಲಿಗೆ ಕಳಿಸಬೇಕು ಅನ್ನುವುದು ಬರವಣಿಗೆಯಲ್ಲಿ ಇರಬೇಕು. ಪೋಷಕರಿಗೂ ತಿಳಿವಳಿಕೆ ಕಾರ್ಯಕ್ರಮ ಮಾಡಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರನ್ನು ದೊಡ್ಡ ಅಕ್ಷರದಲ್ಲಿ ಕ್ಲಾಸುಗಳಲ್ಲಿ ಹಾಕಬೇಕು. ನಂಬರು 14416. ದಿನದ 24 ಗಂಟೆಯೂ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ನಾನು ಒಮ್ಮೆ ನಡುರಾತ್ರಿ ಫೋನ್ ಮಾಡಿದ್ದೇನೆ. ಕನ್ನಡದಲ್ಲೇ, ನಿಧಾನವಾಗಿ, ಅವಸರ ಮಾಡದೆ ಮಾತಾಡಿದರು.

ಈ ತೀರ್ಪನ್ನು ಮುಂದಿಟ್ಟುಕೊಂಡು ಶಾಲೆಗೆ ಪತ್ರ ಬರೆದೆವು. ಡಾಕ್ಟರ ಪತ್ರ ಲಗತ್ತಿಸಿ, ಒಂದು ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೂ ಕೊಟ್ಟು ಸೀಲ್ ಹಾಕಿಸಿಕೊಂಡೆವು. ಆಮೇಲೆ ಟಿಸಿ ಮಾತು ನಿಂತಿತು. ರಜೆ ಮುಗಿದ ಮೇಲೆ ಮಗಳು ಕ್ಲಾಸಿಗೆ ಹೋದಳು. 14416 ಗೋಡೆ ಮೇಲೆ ಬಂತು. ಕೌನ್ಸೆಲರ್ ಇನ್ನೂ ಬಂದಿಲ್ಲ.

ಇದರಲ್ಲಿ ಎಲ್ಲರೂ ಮರೆತದ್ದು ಆ ಪಕ್ಕದ ಬೆಂಚಿನ ಹುಡುಗಿಯನ್ನು. ಯಾರಿಗೂ ಹೇಳಬೇಡ ಅಂತ ದೊಡ್ಡವರು ಅವಳ ಬಾಯಿ ಮುಚ್ಚಿಸಿದ್ದರು. ಹದಿನಾಲ್ಕು ವರ್ಷದ ಮಗು ಅಷ್ಟು ದೊಡ್ಡ ಭಯವನ್ನು ಒಬ್ಬಳೇ ಹೊತ್ತುಕೊಂಡು ದಿನಾ ಇವಳ ಮುಖ ನೋಡುತ್ತಾ ಕೂತಿದ್ದಳು. ಅವಳ ಅಮ್ಮನಿಗೂ ಗೊತ್ತಿರಲಿಲ್ಲ. ನಾನು ಅವರ ಮನೆಗೆ ಹೋಗಿ, ನೀನು ಹೇಳಿದ್ದರಿಂದ ನಮ್ಮ ಹುಡುಗಿಗೆ ಡಾಕ್ಟರು ಸಿಕ್ಕಿದರು ಅಂತ ಹೇಳಿದೆ. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅಂಥ ಮಕ್ಕಳ ಜೊತೆಗೂ ಯಾರಾದರೂ ಕೂತು ಮಾತಾಡಬೇಕು ಅಂತ ಪತ್ರದಲ್ಲಿ ಸೇರಿಸಿದ್ದು ಆ ಭೇಟಿ ಆದ ಮೇಲೆ.

ಈಗ ನಾವು ಕೆಲವು ಪೋಷಕರು ಸೇರಿ ಇನ್ನೊಂದು ಪತ್ರ ಮಾಡಿದ್ದೇವೆ. ಮಗು ಅಪಾಯದಲ್ಲಿದೆ ಅಂತ ಗೊತ್ತಾದ ದಿನವೇ ಮನೆಯವರಿಗೆ ತಿಳಿಸಬೇಕು. ಮನೆಯೇ ಅಪಾಯ ಅನಿಸಿದರೆ ಯಾರಿಗೆ ತಿಳಿಸಿದಿರಿ ಅಂತ ಬರೆದಿಡಬೇಕು. ವಿಷಯ ತಿಳಿಯಬೇಕಾದ ಒಬ್ಬಿಬ್ಬರಿಗೆ ಬಿಟ್ಟು ಬೇರೆಯವರಿಗೆ ಹೋಗಬಾರದು. ಮುಚ್ಚಳಿಕೆ ಬರೆಸಿಕೊಳ್ಳಬಾರದು, ಟಿಸಿ ಮಾತು ಎತ್ತಬಾರದು. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಪೋಷಕರ ಸಭೆಯಲ್ಲಿ ಇದನ್ನು ಇಡುತ್ತೇವೆ. ನಿಮ್ಮ ಶಾಲೆಯಲ್ಲೂ ಕೇಳಬೇಕು ಅನ್ನುವವರು ಕೆಳಗೆ ಬರೆಯಿರಿ, ಪತ್ರದ ಪ್ರತಿ ಕಳಿಸುತ್ತೇನೆ. ಶಾಲೆಯ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ.