ಬರೆಯದೆ ಬಿಟ್ಟ ‘ನಾನು’

11 ಮೇ 2024, ಶನಿವಾರ
ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಏಷ್ಯನ್-ಅಮೆರಿಕನ್ ಪರಂಪರೆಯ ತಿಂಗಳ ಅಂಗವಾಗಿ ಇಂದು ಮಧ್ಯಾಹ್ನ ನಡೆದ ಕವಿಗೋಷ್ಠಿಯಲ್ಲಿ ಮೂರು ಕವಿತೆಗಳನ್ನು ಓದಿದೆ. ಓದುವ ಮುನ್ನ ಪ್ರತಿಯೊಬ್ಬರೂ ತಮ್ಮ ಬರವಣಿಗೆಯನ್ನು ಪರಿಚಯಿಸಬೇಕಿತ್ತು. ಶಿವಮೊಗ್ಗದಲ್ಲಿ ಹುಟ್ಟಿ ಎಂಟನೆಯ ವಯಸ್ಸಿನಲ್ಲಿ ಇಲ್ಲಿಗೆ ಬಂದದ್ದು, ದಿನಚರಿಯನ್ನು ಕನ್ನಡದಲ್ಲಿಯೂ ಕವಿತೆಯನ್ನು ಇಂಗ್ಲಿಷಿನಲ್ಲಿಯೂ ಬರೆಯುವುದು, ಈ ಇಪ್ಪತ್ತಾರನೆಯ ವಯಸ್ಸಿನೊಳಗೆ ಒಂದು ಕಿರುಸಂಕಲನ ಹೊರಬಂದದ್ದು, ಇಷ್ಟನ್ನು ಬೇಗನೆ ಹೇಳಿ ಉಳಿದ ಹೊತ್ತನ್ನೆಲ್ಲ ಒಂದೇ ಪದಕ್ಕೆ ಕೊಟ್ಟೆ. ಆ ಪದ ‘ನಾನು’.

ಅಜ್ಜಿ ಪ್ರತಿ ಭಾನುವಾರ ಫೋನಿನಲ್ಲಿ ಮೊದಲು ಕೇಳುತ್ತಿದ್ದುದು ‘ಊಟ ಆಯ್ತಾ?’ ಎಂದು. ಹೈಸ್ಕೂಲಿನಲ್ಲಿ ಆ ಮಾತನ್ನು ಇಂಗ್ಲಿಷಿಗೆ ತರಲು ಕುಳಿತಾಗ ಅದರಲ್ಲಿ ‘ನೀನು’ ಎಂಬುದೇ ಇಲ್ಲವೆಂದು ಮೊದಲ ಸಲ ಕಂಡಿತು. ಊಟ ಆಗುತ್ತದೆ, ಅಷ್ಟೆ. ಇಂಗ್ಲಿಷಿಗಾದರೋ ಉಂಡವರು ಯಾರೆಂದು ಹೇಳಲೇಬೇಕು. ‘ಹೋಗಿ ಬರ್ತೀನಿ’ ಎಂಬಲ್ಲಿ ‘ನಾನು’ ಕ್ರಿಯಾಪದದ ಬಾಲದಲ್ಲಿ ಅಡಗಿ ಕುಳಿತಿರುತ್ತದೆ. ಇಂಗ್ಲಿಷಿನಲ್ಲಿ ಅದು ಸಾಲಿನ ತಲೆಬಾಗಿಲಲ್ಲೇ ದೊಡ್ಡಕ್ಷರವಾಗಿ ನಿಂತುಬಿಡುತ್ತದೆ. ನನ್ನ ಸಂಕಲನದ 19 ಕವಿತೆಗಳಲ್ಲಿ 18ನ್ನು ಆ ಒಂದಕ್ಷರದ ಪದವಿಲ್ಲದೆ ಬರೆದೆ. ಅದನ್ನು ಸುಮ್ಮನೆ ಕಿತ್ತುಹಾಕಿದರೆ ಇಂಗ್ಲಿಷ್ ಸಾಲು ತಂತಿ ಸಂದೇಶದಂತೆ ಕೇಳಿಸುತ್ತದೆ, ಇಲ್ಲವೇ ಆಜ್ಞೆಯಾಗಿಬಿಡುತ್ತದೆ. ಆದ್ದರಿಂದ ಕ್ರಿಯೆಗಳನ್ನು ಪಾತ್ರೆಗೆ, ಹೊಸ್ತಿಲಿಗೆ, ಅಮ್ಮನ ಸ್ವೆಟರಿಗೆ ಒಪ್ಪಿಸಬೇಕಾಯಿತು. ಮೂರು ವರ್ಷ ಹಿಡಿಯಿತು.

ಈ ಹಾದಿಗೆ ಧೈರ್ಯ ಕೊಟ್ಟದ್ದು ಅಕ್ಕಮಹಾದೇವಿ. ವಚನದ ಕೊನೆಗೆ ಅವಳ ಹೆಸರು ಬರುವುದಿಲ್ಲ, ಚೆನ್ನಮಲ್ಲಿಕಾರ್ಜುನನ ಹೆಸರು ಬರುತ್ತದೆ. ಆದರೂ ಆ ದನಿ ಯಾರದೆಂದು ಯಾರೂ ಕೇಳುವುದಿಲ್ಲ. ಅವಳನ್ನು ಇಂಗ್ಲಿಷ್ ಅನುವಾದದಲ್ಲಿ ನನಗೆ ತೋರಿಸಿದವರು 1929ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾ ಎರಡೂ ಭಾಷೆಗಳಲ್ಲಿ ಕವಿತೆ ಬರೆದ ಎ. ಕೆ. ರಾಮಾನುಜನ್. ಅವರು ತೀರಿಕೊಂಡದ್ದು 1993ರಲ್ಲಿ, ನಾನು ಹುಟ್ಟುವುದಕ್ಕೂ ಮೊದಲು.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಟಿಬುರಾನಿನಿಂದ ದೋಣಿ ಹತ್ತಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಏಂಜೆಲ್ ದ್ವೀಪಕ್ಕೆ ಹೋಗಿದ್ದೆ. 1910ರಿಂದ 1940ರವರೆಗೆ ಅಲ್ಲಿ ವಲಸೆ ತಪಾಸಣೆಯ ಠಾಣೆಯಿತ್ತು. ಚೀನೀ ಕಾರ್ಮಿಕರನ್ನು ಹೊರಗಿಟ್ಟ 1882ರ ಕಾನೂನಿನ ಬಿಗಿಯಲ್ಲಿ, ಬಂದವರನ್ನು ವಾರಗಟ್ಟಲೆ, ಕೆಲವರನ್ನು ತಿಂಗಳುಗಟ್ಟಲೆ ಕೂಡಿಹಾಕುತ್ತಿದ್ದರು. ಅವರು ಬ್ಯಾರಕ್ಕಿನ ಮರದ ಗೋಡೆಗಳ ಮೇಲೆ ಕವಿತೆಗಳನ್ನು ಕೊರೆದರು. 1970ರಲ್ಲಿ, ಕೆಡವಬೇಕೆಂದಿದ್ದ ಆ ಕಟ್ಟಡದೊಳಗೆ ಉದ್ಯಾನದ ರಕ್ಷಕರೊಬ್ಬರು ಅವುಗಳನ್ನು ಗಮನಿಸಿದರು. ಇನ್ನೂರಕ್ಕೂ ಹೆಚ್ಚು ಕವಿತೆಗಳು ದೊರೆತಿವೆ. ಹೆಚ್ಚಿನವಕ್ಕೆ ಅಂಕಿತವಿಲ್ಲ. ಹಳೆಯ ಚೀನೀ ಛಂದಸ್ಸಿನ ಆ ಐದಕ್ಷರ, ಏಳಕ್ಷರದ ಸಾಲುಗಳಲ್ಲಿ ‘ನಾನು’ ಅಪರೂಪ, ಅನುವಾದಕರೇ ಅದನ್ನು ತುಂಬಬೇಕಾಗುತ್ತದೆ ಎಂದು ಜೊತೆಗಿದ್ದ ಗೆಳತಿ ಹೇಳಿದಾಗ, ಅಜ್ಜಿಯ ಫೋನು ಆ ಗೋಡೆಯಾಚೆಯಿಂದ ಬಂದಂತಾಯಿತು.

ಆದರೆ ಅಲ್ಲಿ ಓದಿದ್ದೆಲ್ಲ ಗಂಡಸರ ಬ್ಯಾರಕ್ಕಿನದು. ಹೆಂಗಸರನ್ನು ಇರಿಸಿದ್ದು ಆಡಳಿತ ಕಟ್ಟಡದಲ್ಲಿ, ಆ ಕಟ್ಟಡ 1940ರ ಬೆಂಕಿಯಲ್ಲಿ ಹೋಯಿತು. ಅವರು ಗೋಡೆಯ ಮೇಲೆ ಬರೆದದ್ದಿದ್ದರೆ ಅದೂ ಅದರೊಂದಿಗೇ ಹೋಯಿತು. ಇಂದು ಕೊನೆಗೆ ಓದಿದ ಹತ್ತೊಂಬತ್ತನೆಯ ಕವಿತೆ ಅವರ ಕುರಿತದ್ದು. ಆ ಹೆಂಗಸರ ದನಿಯನ್ನು ಕಲ್ಪಿಸಿ ಬರೆಯಲು ಹೋಗಿ ಎಷ್ಟೋ ಕರಡುಗಳನ್ನು ಹರಿದೆ. ಸುಟ್ಟುಹೋದ ಸಾಲುಗಳ ಜಾಗದಲ್ಲಿ ನನ್ನ ಸಾಲುಗಳನ್ನು ಇಡುವುದು ಸುಳ್ಳು ಸಹಿ ಹಾಕಿದಂತೆ ಎಂದು ಈಗಲೂ ನಂಬಿದ್ದೇನೆ. ಹಾಗಾಗಿ ಅಲ್ಲಿ ನಿಂತು ಏನನ್ನೂ ಓದಲಾಗದವಳು ಯಾರು ಎಂಬುದನ್ನು ಸ್ಪಷ್ಟವಾಗಿ ಹೇಳಬೇಕಾಯಿತು. ಆ ಕವಿತೆ ಇಂಗ್ಲಿಷಿನ ದೊಡ್ಡಕ್ಷರದ ‘ನಾನು’ವಿನಿಂದಲೇ ಶುರುವಾಗುತ್ತದೆ.

ಓದಿ ಮುಗಿದ ಮೇಲೆ ವಯಸ್ಸಾದ ಚೀನೀ ಮಹಿಳೆಯೊಬ್ಬರು ಬಳಿಗೆ ಬಂದು ಆ ಮೊದಲ ಸಾಲನ್ನು ಇನ್ನೊಮ್ಮೆ ಓದಲು ಕೇಳಿದರು. ಓದಿದೆ. ಅವರು ಅದನ್ನು ಕ್ಯಾಂಟೊನೀಸ್ ಭಾಷೆಯಲ್ಲಿ ಮೆಲ್ಲನೆ ಹೇಳಿಕೊಂಡು, ತಮ್ಮ ತಾಯಿಯೂ ಆ ಕಟ್ಟಡದಲ್ಲಿದ್ದರೆಂದು ತಿಳಿಸಿದರು.